ಯಾರಿಗೂ ತೋರಿಸದೆ ಬರೆಯುವುದು

ಒಬ್ಬ ಗೃಹಿಣಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಆ ಕತೆಯನ್ನು ಅವಳು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರೆದುರೂ ಹಾಡಲಿಲ್ಲ. ಒಳಗೇ ಇದ್ದು ಇದ್ದು ಎರಡಕ್ಕೂ ಉಸಿರುಗಟ್ಟಿತು. ಒಂದು ದಿನ ಅವಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಾಗ ಕತೆ ಹೊರಬಿದ್ದು ಒಂದು ಜೊತೆ ಮೆಟ್ಟಾಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತಾಡಿತು. ಮನೆಗೆ ಬಂದ ಗಂಡ ಎರಡನ್ನೂ ನೋಡಿ, ಯಾರು ಬಂದಿದ್ದಾರೆ ಅಂದ. ಯಾರೂ ಇಲ್ಲ ಅಂದಳು. ಮತ್ತೆ ಇವು ಯಾರವು ಅಂದ. ಗೊತ್ತಿಲ್ಲ ಅಂದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಜಗಳ ಹತ್ತಿಕೊಂಡಿತು, ಗಂಡ ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಆ ಊರಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಎಲ್ಲ ಮನೆಗಳ ದೀಪದ ಕುಡಿಗಳು ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು. ಅವತ್ತು ಒಂದು ಕುಡಿ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದವು. ನಮ್ಮನೆಯಲ್ಲಿ ಗಂಡ ಹೆಂಡತಿ ಜಗಳ ಎಂದು ಶುರುಮಾಡಿ, ಕತೆ ಮೆಟ್ಟಾದದ್ದು, ಹಾಡು ಕೋಟಾದದ್ದು ಎಲ್ಲವನ್ನೂ ಅದು ಹೇಳಿತು. ಕಂಬಳಿಯೊಳಗಿದ್ದ ಗಂಡ ಕೇಳಿಸಿಕೊಂಡ. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರೆ, ಯಾವ ಕತೆ, ಯಾವ ಹಾಡು ಎಂದಳು. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.

ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ಕನ್ನಡ ಜನಪದ ಕತೆಗಳಲ್ಲಿ ಇದೂ ಒಂದು. ಕೊನೆಯಲ್ಲಿ ಅವಳು ಸುಖವಾಗಿದ್ದಳು ಎಂದು ಕತೆ ಹೇಳುವುದಿಲ್ಲ. ಹೇಳದೆ ಇಟ್ಟುಕೊಂಡದ್ದು ಸುಮ್ಮನಿರುವುದಿಲ್ಲ, ಗುರುತು ಸಿಗದ ವೇಷದಲ್ಲಿ ಬಾಗಿಲಿಗೇ ಬಂದು ಕೂರುತ್ತದೆ ಎನ್ನುವಷ್ಟಕ್ಕೆ ಅದು ಮುಗಿಯುತ್ತದೆ. ಬರವಣಿಗೆಯಿಂದ ಮನಸ್ಸು ಹಗುರಾಗುತ್ತದೆ, ನೋವು ಮಾಯುತ್ತದೆ ಎಂದು ಈಗ ಎಲ್ಲೆಲ್ಲೂ ಕೇಳಿಬರುತ್ತಿರುವ ಮಾತನ್ನು ಈ ಕತೆಯಷ್ಟೇ ಮಿತವಾಗಿ ನೋಡಬೇಕು ಎಂಬುದು ನನ್ನ ಅನಿಸಿಕೆ.

ಆ ಮಾತಿಗೆ ಪ್ರಯೋಗಶಾಲೆಯ ಬೆಂಬಲ ಸಿಕ್ಕಿದ್ದು 1980ರ ದಶಕದಲ್ಲಿ. ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಗಂಡನನ್ನೋ ಹೆಂಡತಿಯನ್ನೋ ಅಪಘಾತದಲ್ಲಿ ಅಥವಾ ಆತ್ಮಹತ್ಯೆಯಲ್ಲಿ ಕಳೆದುಕೊಂಡವರನ್ನು ವಿಚಾರಿಸಿದ್ದರು. ಆ ಸಾವಿನ ಬಗ್ಗೆ ಗೆಳೆಯರ ಹತ್ತಿರ ಮಾತಾಡಿಕೊಂಡವರಿಗೆ ಕಾಯಿಲೆ ಕಡಿಮೆ, ಬಾಯಿ ಬಿಗಿದುಕೊಂಡವರಿಗೆ ಹೆಚ್ಚು ಎಂಬುದು ಕಂಡಿತ್ತು. ಮಾತಾಡಲು ಯಾರೂ ಇಲ್ಲದಿದ್ದರೆ ಕಾಗದವಾದರೂ ಆದೀತೇ ಎಂದು ನೋಡಲು ಅವರು ಮತ್ತು ಅವರ ವಿದ್ಯಾರ್ಥಿನಿ ಸಾಂಡ್ರಾ ಬೀಲ್ 46 ಮಂದಿ ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ ಬರೆಸಿದರು. ನಾಲ್ಕು ದಿನ, ದಿನಕ್ಕೆ 15 ನಿಮಿಷ. ಕೆಲವರಿಗೆ ಕೊಟ್ಟದ್ದು ಕೋಣೆಯ ವರ್ಣನೆ, ಕಾಲಿನ ಚಪ್ಪಲಿಯಂಥ ಸಪ್ಪೆ ವಿಷಯ. ಉಳಿದವರು ಬದುಕಿನ ಅತ್ಯಂತ ಕಹಿ ಘಟನೆಯನ್ನು ಬರೆಯಬೇಕು. ಅವರಲ್ಲೂ ಮೂರು ಗುಂಪು: ಬರೀ ಭಾವನೆ ಬರೆಯುವವರು, ಬರೀ ನಡೆದದ್ದನ್ನು ಬರೆಯುವವರು, ಎರಡನ್ನೂ ಬರೆಯುವವರು. ಕಾಗುಣಿತ, ವ್ಯಾಕರಣದ ಗೊಡವೆ ಬೇಡ, ಕೈ ನಿಲ್ಲಿಸಬೇಡಿ ಎಂಬುದಷ್ಟೇ ಸೂಚನೆ.

1986ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಸಂಗತಿಗಳಿದ್ದವು. ಜನ ಮೊದಲನೆಯದನ್ನು ಮರೆತು ಎರಡನೆಯದನ್ನೇ ಹೇಳುತ್ತಾರೆ. ಮೊದಲನೆಯದು, ಕಹಿ ಬರೆದವರು ಬರೆದು ಎದ್ದಾಗ ಮೊದಲಿಗಿಂತ ಹೆಚ್ಚು ಕುಗ್ಗಿಹೋಗಿದ್ದರು. ಎರಡನೆಯದು, ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಬರೀ ಗೋಳು ತೋಡಿಕೊಂಡವರಿಗೆ ಆ ಲಾಭ ಸಿಗಲಿಲ್ಲ, ಬರೀ ವರದಿ ಒಪ್ಪಿಸಿದವರಿಗೂ ಸಿಗಲಿಲ್ಲ.

ಆಮೇಲೆ ಇಂಥ ಪ್ರಯೋಗಗಳ ಸಾಲೇ ಬಂತು. 1988ರಲ್ಲಿ 50 ವಿದ್ಯಾರ್ಥಿಗಳ ರಕ್ತ ಪರೀಕ್ಷಿಸಿ, ಬರೆದವರಲ್ಲಿ ರೋಗನಿರೋಧಕ ಕಣಗಳು ಹೆಚ್ಚು ಚುರುಕಾಗಿವೆ ಎಂದು ತೋರಿಸಿದರು. 1999ರಲ್ಲಿ ಜೋಶುವಾ ಸ್ಮಿತ್ ಮತ್ತು ಸಂಗಡಿಗರು ಆಸ್ತಮಾ ಮತ್ತು ಸಂಧಿವಾತದ 112 ರೋಗಿಗಳಿಂದ ಮೂರು ದಿನ ಬರೆಸಿದರು. ನಾಲ್ಕು ತಿಂಗಳ ನಂತರ, ನೋವಿನ ಬಗ್ಗೆ ಬರೆದವರಲ್ಲಿ ಶೇ 47 ಮಂದಿ ಸುಧಾರಿಸಿದ್ದರು, ಸಪ್ಪೆ ವಿಷಯ ಬರೆದವರಲ್ಲಿ ಶೇ 24. ನನಗೆ ಹೆಚ್ಚು ಬೆರಗು ತಂದದ್ದು 2013ರ ನ್ಯೂಜಿಲೆಂಡಿನ ಅಧ್ಯಯನ. ವಯಸ್ಸು 64ರಿಂದ 97ರವರೆಗಿನ 49 ಮಂದಿ ಮೂರು ದಿನ ಬರೆದರು. ಎರಡು ವಾರದ ಬಳಿಕ ಅವರ ತೋಳಿನಿಂದ ಚರ್ಮದ ಒಂದು ಸಣ್ಣ ಚೂರು ತೆಗೆದು, ಗಾಯ ಎಷ್ಟು ದಿನದಲ್ಲಿ ಮಾಯುತ್ತದೆ ಎಂದು ನೋಡಿದರು. ಹನ್ನೊಂದನೆಯ ದಿನಕ್ಕೆ, ಮನಸ್ಸಿನ ನೋವು ಬರೆದ ಗುಂಪಿನಲ್ಲಿ ಶೇ 76 ಮಂದಿಯ ಗಾಯ ಪೂರ್ತಿ ಮಾಯ್ದಿತ್ತು, ಇನ್ನೊಂದರಲ್ಲಿ ಶೇ 42.

ಇಷ್ಟು ಓದಿ ನೋಟ್‌ಬುಕ್ ತರಲು ಅಂಗಡಿಗೆ ಓಡುವ ಮುಂಚೆ ಇನ್ನೊಂದು ಅಂಕಿ ನೋಡಬೇಕು. 2006ರಲ್ಲಿ ಜೊವಾನ್ ಫ್ರಾಟರೋಲಿ ಎಂಬ ಸಂಶೋಧಕಿ ಇಂಥ 146 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ಪರಿಣಾಮ ಇದೆ, ಆದರೆ ಚಿಕ್ಕದು. ಸಂಖ್ಯೆಯಲ್ಲಿ ಹೇಳುವುದಾದರೆ 0.075 ಸಹಸಂಬಂಧ. ಖರ್ಚಿಲ್ಲದ, ಹೆಚ್ಚುಕಡಿಮೆ ಒಂದು ತಾಸಿನಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ಸಾಕು ಎನ್ನಬಹುದು. ಪವಾಡ ಎನ್ನುವಂತಿಲ್ಲ. ಕೆಲವರಿಗೆ ಕೆಡುಕೂ ಆಗುತ್ತದೆ. ಗಂಡ ಹೆಂಡತಿ ಆಗಷ್ಟೇ ಬೇರೆಯಾದವರ ಮೇಲೆ ಡೇವಿಡ್ ಸ್ಬಾರಾ ನಡೆಸಿದ ಅಧ್ಯಯನದಲ್ಲಿ, ಹೀಗೇಕಾಯಿತು ಎಂದು ಹಗಲಿರುಳು ತಲೆಕೆಡಿಸಿಕೊಳ್ಳುವ ಸ್ವಭಾವದವರ ಸ್ಥಿತಿ ಭಾವನೆ ತೋಡಿಕೊಂಡು ಬರೆದಾಗ ಇನ್ನೂ ಹದಗೆಟ್ಟಿತು. ದಿನದ ಸಾಮಾನ್ಯ ಕೆಲಸಗಳ ಪಟ್ಟಿ ಬರೆದವರೇ ಅವರಿಗಿಂತ ನೆಮ್ಮದಿಯಲ್ಲಿದ್ದರು.

ಹಾಗಾದರೆ ಒಬ್ಬರಿಗೆ ನಾಟಿ ಇನ್ನೊಬ್ಬರಿಗೆ ನಾಟದಿರುವುದೇಕೆ? ಪೆನ್ನೆಬೇಕರ್ ಬರಹಗಳನ್ನು ಕಂಪ್ಯೂಟರಿಗೆ ಹಾಕಿ ಪದಗಳನ್ನು ಎಣಿಸಿದರು. ಚೇತರಿಸಿಕೊಂಡವರ ಬರಹದಲ್ಲಿ ಮೊದಲ ದಿನಕ್ಕಿಂತ ಕೊನೆಯ ದಿನ ‘ಏಕೆಂದರೆ’, ‘ಅದಕ್ಕೇ’, ‘ಈಗ ತಿಳಿಯಿತು’ ಎಂಬಂಥ ಪದಗಳು ಏರುತ್ತಾ ಹೋಗಿದ್ದವು. ಮೊದಲ ದಿನವೇ ಅಚ್ಚುಕಟ್ಟಾದ ಕತೆಯೊಂದಿಗೆ ಬಂದು ನಾಲ್ಕೂ ದಿನ ಅದನ್ನೇ ಒಪ್ಪಿಸಿದವರಿಗೆ ಪ್ರಯೋಜನ ಕಡಿಮೆ. 2003ರ ಇನ್ನೊಂದು ವಿಶ್ಲೇಷಣೆಯಲ್ಲಿ ಸರ್ವನಾಮಗಳ ಬಳಕೆ ದಿನದಿಂದ ದಿನಕ್ಕೆ ಬದಲಾದವರು, ಅಂದರೆ ಒಂದು ದಿನ ‘ನಾನು’ ಎಂದು ನೋಡಿ ಮರುದಿನ ‘ಅವಳು’ ಎಂದು ನೋಡಬಲ್ಲವರು, ಹೆಚ್ಚು ಚೇತರಿಸಿಕೊಂಡಿದ್ದರು. ಕಣ್ಣೀರಿನ ಪ್ರಮಾಣಕ್ಕೂ ಗುಣವಾಗುವುದಕ್ಕೂ ನೇರ ಸಂಬಂಧ ಕಾಣಲಿಲ್ಲ. ಕತೆ ಅಲುಗಾಡಬೇಕು, ಅಷ್ಟೇ. ಅಲುಗಾಡಬೇಕಾದರೆ ಅದು ಮೊದಲು ಕೆಟ್ಟದಾಗಿರಬೇಕು, ಅರ್ಧಂಬರ್ಧವಾಗಿರಬೇಕು, ತನ್ನನ್ನೇ ತಾನು ಅಲ್ಲಗಳೆಯುವಂತಿರಬೇಕು. ಅದಕ್ಕೇ ಓದುವವರು ಯಾರೂ ಇರಕೂಡದು. ಓದುಗ ಬಂದ ಕೂಡಲೇ ಬರೆಯುವವರು ಮುಖ ತೊಳೆದು, ಕೂದಲು ಬಾಚಿಕೊಂಡು ನಿಲ್ಲುತ್ತಾರೆ.

ನಮ್ಮಲ್ಲಿ ಇದಕ್ಕೆ ಹಳೆಯ ದಾರಿಗಳಿದ್ದವು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಪುಸ್ತಕಕ್ಕೆ ಬಂದದ್ದು ಹೆಂಗಸರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ತ್ರಿಪದಿಗಳು. ತವರು, ಅತ್ತೆ, ಸವತಿ, ಇಲ್ಲದ ಕೂಸು ಎಲ್ಲವೂ ಅಲ್ಲಿ ಬರುತ್ತಿತ್ತು. ಕೇಳುವುದು ಕಲ್ಲು. ಮನೆಮಂದಿಗೆಲ್ಲ ಕೇಳಿಸಿದರೂ ಅದು ಹಾಡಾದ್ದರಿಂದ ಯಾರೂ ಜಗಳಕ್ಕೆ ಬರುವಂತಿರಲಿಲ್ಲ. ಇವತ್ತು ಮೊಬೈಲಿನಲ್ಲಿ ಸ್ಟೇಟಸ್ ಹಾಕಿ ಅತ್ತೆಗೆ ಮುಟ್ಟಿಸುವವರು ಆ ಸೌಲಭ್ಯ ನೆನೆದು ಅಸೂಯೆಪಡಬಹುದು. ಹಿಟ್ಟಿನ ಗಿರಣಿ ಬಂದು ಬೀಸುವ ಪದ ಹೋಯಿತು ಎಂದು ಹಲುಬುವವರಿಗೆ ಮಾತ್ರ ನನ್ನ ಸಹಮತವಿಲ್ಲ. ಹಾಡಿನ ಜೊತೆ ರಟ್ಟೆ ನೋವೂ ಹೋಯಿತಲ್ಲ.

ರಾಮಕೋಟಿ ಬರೆಯುವುದು ಇನ್ನೊಂದು. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಏರಿಸಿ, ಚೌಕುಳಿ ಹಾಕಿದ ಪುಸ್ತಕದಲ್ಲಿ ಒಂದೇ ಹೆಸರನ್ನು ಸಾವಿರಾರು ಸಲ ಬರೆಯುವ ಅಜ್ಜಿಯರನ್ನು ಎಲ್ಲರೂ ನೋಡಿದ್ದೇವೆ. ಅದರಿಂದ ಸಿಗುವ ಸಮಾಧಾನ ನಿಜವಾದದ್ದೇ. ಆದರೆ ಪೆನ್ನೆಬೇಕರ್ ಹೇಳುವ ಬರವಣಿಗೆಗೆ ಅದು ಪೂರ್ತಿ ವಿರುದ್ಧ. ಅಲ್ಲಿ ‘ಏಕೆಂದರೆ’ ಇಲ್ಲ, ಕತೆ ಅಲುಗಾಡುವುದಿಲ್ಲ, ಅಲುಗಾಡದಿರುವುದೇ ಅದರ ಉದ್ದೇಶ. ತಲೆಯೊಳಗೆ ಚಕ್ರ ತಿರುಗುತ್ತಲೇ ಇರುವ ಸ್ವಭಾವದವರಿಗೆ ಬಹುಶಃ ರಾಮಕೋಟಿಯೇ ವಾಸಿ.

ಕನ್ನಡದಲ್ಲಿ ಬರೆಯಲು ಕೂತವರಿಗೆ ಇನ್ನೊಂದು ತೊಡಕೂ ಇದೆ. ಪೆನ್ನು ಹಿಡಿದ ತಕ್ಷಣ ಶಾಲೆಯಲ್ಲಿ ಕಲಿತ ಪ್ರಬಂಧದ ಕನ್ನಡ ಬಂದುಬಿಡುತ್ತದೆ. ಮನೆಯಲ್ಲಿ ‘ಅಪ್ಪ ಹೊಡದ್ರು’ ಎನ್ನುವವರು ಹಾಳೆಯ ಮೇಲೆ ‘ತಂದೆಯವರು ನನ್ನನ್ನು ದಂಡಿಸಿದರು’ ಎಂದು ಬರೆಯುತ್ತಾರೆ. ಅಲ್ಲಿಗೆ ಪೆಟ್ಟೂ ಹೋಯಿತು, ಅಪ್ಪನೂ ಹೋದ. ಧಾರವಾಡದವರು ಧಾರವಾಡದ್ದನ್ನೇ, ಕುಂದಾಪುರದವರು ಕುಂದಾಪ್ರದ್ದನ್ನೇ ಬರೆಯಬೇಕು. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಆಡುವವರು ಅದನ್ನು ಕನ್ನಡ ಅಕ್ಷರದಲ್ಲಿ ಬರೆದರೂ ಯಾರೇನೂ ಅಂಕ ಕಳೆಯುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಬರೀ ಬರೆಯುವುದರ ಬಗ್ಗೆ. ಕತೆ, ಕಾದಂಬರಿಯ ಮಾತು ಬೇರೆಯೇ? 1996ರಲ್ಲಿ ಮೆಲಾನಿ ಗ್ರೀನ್‌ಬರ್ಗ್ ಮತ್ತು ಜೊತೆಗಾರರು ಕೆಲವು ವಿದ್ಯಾರ್ಥಿನಿಯರಿಗೆ ತಮಗಾಗದ ಆಘಾತವೊಂದನ್ನು ತಮ್ಮದೇ ಎಂದು ಕಲ್ಪಿಸಿಕೊಂಡು ಬರೆಯಲು ಹೇಳಿದರು. ನಿಜ ಆಘಾತ ಬರೆದವರಂತೆ ಇವರೂ ಮುಂದೆ ವೈದ್ಯರ ಬಳಿ ಹೋದದ್ದು ಕಡಿಮೆ. ಕಲ್ಪನೆಯ ಕಷ್ಟವೂ ಕೆಲಸಕ್ಕೆ ಬರುತ್ತದೆ ಎಂದಾಯಿತು. ಇದಕ್ಕೆ ಪ್ರಯೋಗಶಾಲೆಗಿಂತ ಉತ್ತಮ ಸಾಕ್ಷಿ ಮೈಸೂರಿನಲ್ಲೇ ಇದೆ.

ಆರ್.ಕೆ. ನಾರಾಯಣ್ ಎಂದರೆ ನಮಗೆ ಶಂಕರ್ ನಾಗ್, ಆಗುಂಬೆ, ‘ಮಾಲ್ಗುಡಿ ಡೇಸ್’ ನೆನಪಾಗುತ್ತವೆ. ಆ ನಗುವಿನ ಲೇಖಕ ಕೊಯಮತ್ತೂರಿನ ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ರಾಜಂ ಎಂಬ ಹುಡುಗಿಯನ್ನು ಮೆಚ್ಚಿ, ಜಾತಕ ಕೂಡದಿದ್ದರೂ ಹಟ ಹಿಡಿದು ಮದುವೆಯಾದವರು. ಹುಡುಗನ ಜಾತಕದಲ್ಲಿ ಕುಜ ಇರುವ ಜಾಗ ಸರಿಯಿಲ್ಲ, ಹೆಂಡತಿಗೆ ಗಂಡಾಂತರ ಎಂದು ಆಗಲೇ ಹೇಳಲಾಗಿತ್ತು. 1939ರಲ್ಲಿ ರಾಜಂ ಟೈಫಾಯ್ಡ್ ಬಂದು ತೀರಿಕೊಂಡರು. ಮಗಳು ಹೇಮಾ ಆಗ ಪುಟ್ಟ ಕೂಸು. ಮೂರು ಕಾದಂಬರಿ ಬರೆದಾಗಿದ್ದ ನಾರಾಯಣ್ ಬರವಣಿಗೆಯನ್ನೇ ಬದಿಗಿಟ್ಟರು.

ಆಮೇಲೆ ನಡೆದದ್ದನ್ನು ಅವರೇ ‘ಮೈ ಡೇಸ್’ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮದ್ರಾಸಿನಲ್ಲಿ ರಘುನಾಥ ರಾವ್ ಎಂಬ ವಕೀಲರು ಪೆನ್ಸಿಲ್ ಹಿಡಿದು, ತಮ್ಮ ಕೈಯನ್ನು ಇನ್ಯಾರೋ ಓಡಿಸುವಂತೆ, ಹಾಳೆ ಮೇಲೆ ಹಾಳೆ ಬರೆಯುತ್ತಿದ್ದರು. ಬರೆಸುತ್ತಿರುವುದು ಸತ್ತ ರಾಜಂ ಎಂಬ ನಂಬಿಕೆ. ನಾರಾಯಣ್ ಮೊದಲು ಅನುಮಾನಿಸಿದರು, ಆಮೇಲೆ ಮತ್ತೆ ಮತ್ತೆ ಹೋದರು, ಕೊನೆಗೆ ನಡುವಿನ ಮನುಷ್ಯನೇ ಬೇಡವಾಗುವ ಹಂತಕ್ಕೆ ಬಂದರು. ಅದು ಆತ್ಮವೋ ಅಲ್ಲವೋ ಎಂಬ ಚರ್ಚೆ ನನಗೆ ಬೇಡ. ಬರೆಯಲಾರದೆ ಕೂತಿದ್ದ ಲೇಖಕನೊಬ್ಬ, ಇನ್ನೊಬ್ಬನ ಕೈ ಬರೆಯುವುದನ್ನು ನೋಡುತ್ತಾ ಮತ್ತೆ ಬರವಣಿಗೆಯ ಹತ್ತಿರ ಬಂದ ಎಂಬುದಷ್ಟೇ ಸಾಕು.

1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಬಂತು. ಬಹುಪಾಲು ತಮ್ಮದೇ ಬದುಕು ಎಂದು ಅವರು ಒಪ್ಪಿಕೊಂಡ ಕಾದಂಬರಿ. ರಾಜಂ ಅಲ್ಲಿ ಸುಶೀಲಾ, ಹೇಮಾ ಅಲ್ಲಿ ಲೀಲಾ, ಲೇಖಕ ಕೃಷ್ಣನೆಂಬ ಕಾಲೇಜು ಮೇಷ್ಟ್ರು. ಎರಡನೆಯ ಅರ್ಧದಲ್ಲಿ ಆತ್ಮದ ಜೊತೆ ಸಂಭಾಷಣೆ ಬರುತ್ತದೆ, ಅದು ಮೊದಲರ್ಧಕ್ಕೆ ಹೊಂದುವುದಿಲ್ಲ ಎಂದು ಅಂದಿನಿಂದ ಇಂದಿನವರೆಗೂ ವಿಮರ್ಶಕರ ತಕರಾರು. ಇರಲಿ. ನನ್ನ ಗಮನ ಹೋಗುವುದು ಸುಶೀಲಾಳ ಕಾಯಿಲೆ ಶುರುವಾಗುವ ಜಾಗಕ್ಕೆ. ಹೊಸ ಮನೆ ನೋಡಲು ಹೋದ ಅವಳು ಹಿತ್ತಲಿನ ಹೊಲಸು ಪಾಯಿಖಾನೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತಾಳೆ, ಅಸಹ್ಯದಿಂದ ನಡುಗುತ್ತಾ ಹೊರಬರುತ್ತಾಳೆ, ಅಲ್ಲಿಂದ ಹಾಸಿಗೆ ಹಿಡಿಯುತ್ತಾಳೆ. ಊರು ಒಂದು ‘ಏಕೆಂದರೆ’ಯನ್ನು ಮದುವೆಗೆ ಮುಂಚೆಯೇ ಸಿದ್ಧಮಾಡಿ ಇಟ್ಟಿತ್ತು: ಏಕೆಂದರೆ ನಿನ್ನ ಜಾತಕ ಹಾಗಿದೆ, ಏಕೆಂದರೆ ನೀನು ಕೇಳಲಿಲ್ಲ. ಕಾದಂಬರಿಯಲ್ಲಿ ಕುಜ ಇಲ್ಲ. ಒಂದು ಕೊಳಕು ಪಾಯಿಖಾನೆ ಇದೆ. ಹೆಂಡತಿಯ ಸಾವಿಗೆ ತಾನೇ ಕಾರಣ ಎಂಬ ಭಾರ ಹೊತ್ತು ಬದುಕಬಹುದಾಗಿದ್ದ ಮನುಷ್ಯನಿಗೆ ಈ ಬದಲಾವಣೆ ಎಷ್ಟು ದೊಡ್ಡದು ಎಂದು ನಾನು ಊಹಿಸಬಲ್ಲೆ.

ಆದರೂ 1939ರಿಂದ 1945ರವರೆಗಿನ ಅಂತರ ಗಮನಿಸಿ. ಸಾವಾದ ಮರುತಿಂಗಳು ಬರೆದದ್ದಲ್ಲ ಅದು. ಮತ್ತೂ ಒಂದು ಮಾತು. ಆ ಹೇಮಾ 1994ರಲ್ಲಿ ಅಪ್ಪನಿಗಿಂತ ಮೊದಲೇ ತೀರಿಕೊಂಡರು. ನಾರಾಯಣ್ 2001ರವರೆಗೆ ಬದುಕಿದ್ದರು. ಆ ನೋವಿನಿಂದ ಕಾದಂಬರಿ ಹುಟ್ಟಲಿಲ್ಲ. ಒಮ್ಮೆ ಒದಗಿದ ಕೈ ಮತ್ತೊಮ್ಮೆ ಒದಗುತ್ತದೆಂಬ ಖಾತರಿ ಯಾರಿಗೂ ಇಲ್ಲ. ವರ್ಜೀನಿಯಾ ವುಲ್ಫ್ ಹದಿಮೂರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. 1927ರಲ್ಲಿ ‘ಟು ದಿ ಲೈಟ್‌ಹೌಸ್’ ಬರೆದು ಮುಗಿಸಿದ ಮೇಲೆ ತಾಯಿ ತನ್ನನ್ನು ಕಾಡುವುದು ನಿಂತಿತು ಎಂದು ಅವರೇ ನೆನಪಿನ ಬರಹವೊಂದರಲ್ಲಿ ದಾಖಲಿಸಿದ್ದಾರೆ. 1941ರಲ್ಲಿ ಅವರು ನದಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಒಂದು ನೋವಿಗೆ ಆದ ಉಪಕಾರ ಅವರ ಮಾನಸಿಕ ಕಾಯಿಲೆಗೆ ಆಗಲಿಲ್ಲ. ಲೇಖಕರನ್ನು ತೋರಿಸಿ ಬರವಣಿಗೆಯೇ ಚಿಕಿತ್ಸೆ ಎನ್ನುವವರು ಈ ಭಾಗ ಬಂದಾಗ ಪುಟ ಮಗುಚುತ್ತಾರೆ.

ಇನ್ನೊಂದು ಬಗೆಯ ಬರಹವನ್ನೂ ಈ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸುವುದನ್ನು ನೋಡಿದ್ದೇನೆ, ಅದು ನನಗೆ ಸರಿಕಾಣುವುದಿಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ದಲಿತ ಆತ್ಮಕಥೆಗಳನ್ನು ಓದಿ, ಬರೆದು ಹಗುರಾದರು ಎಂದು ಹೇಳುವುದು ಓದುಗರಾಗಿ ನಾವು ತಪ್ಪಿಸಿಕೊಳ್ಳುವ ದಾರಿ. ಅವು ಗಾಯ ಮಾಯಿಸಲು ಬರೆದವಲ್ಲ, ತೋರಿಸಲು ಬರೆದವು. ಅಲ್ಲಿಯ ‘ಏಕೆಂದರೆ’ ಬರೆದವರ ಮನಸ್ಸಿನೊಳಗಿಲ್ಲ, ನಮ್ಮ ಬೀದಿಯಲ್ಲಿದೆ. ಆಫೀಸಿನಲ್ಲಿ ಮೇಲಧಿಕಾರಿ ದಿನವೂ ಅವಮಾನಿಸುತ್ತಿದ್ದರೆ, ಮನೆಯಲ್ಲಿ ಗಂಡ ಹೊಡೆಯುತ್ತಿದ್ದರೆ, ನೋಟ್‌ಬುಕ್ ಕೊಟ್ಟು ‘ಬರಿ, ಸಮಾಧಾನವಾಗುತ್ತೆ’ ಎನ್ನುವವರ ಬಗ್ಗೆ ನನಗೆ ಅನುಮಾನವಿದೆ. ಅಲ್ಲಿ ಬರೆಯಬೇಕಾದದ್ದು ದೂರು.

ಈಗ ಇದೊಂದು ಮಾರುಕಟ್ಟೆಯೂ ಹೌದು. ವಾರಾಂತ್ಯದ ಶಿಬಿರ, ಬರೆದದ್ದನ್ನು ಗುಂಪಿನ ಮುಂದೆ ಓದುವುದು, ಚಪ್ಪಾಳೆ, ಪ್ರಮಾಣಪತ್ರ, ಸಂಜೆಗೆ ಇನ್‌ಸ್ಟಾಗ್ರಾಂನಲ್ಲಿ ಫೋಟೊ. ಗುಂಪಿನಲ್ಲಿ ಕೂತು ಬರೆಯುವ ಖುಷಿ ಇಲ್ಲವೆನ್ನುವುದಿಲ್ಲ, ಒಂಟಿಯಾಗಿರುವವರಿಗೆ ಆ ಸಂಗವೇ ಔಷಧವಾಗಬಹುದು. ಆದರೆ ಚಪ್ಪಾಳೆ ಬಿದ್ದ ಕತೆಯನ್ನು ಮರುದಿನ ಅಲುಗಾಡಿಸುವುದು ಬಹಳ ಕಷ್ಟ. ಅದನ್ನೇ ಇನ್ನೊಮ್ಮೆ, ಇನ್ನೂ ಚೆನ್ನಾಗಿ ಹೇಳಬೇಕೆನಿಸುತ್ತದೆ. ನಾಲ್ಕು ದಿನವೂ ಒಂದೇ ಕತೆ ಒಪ್ಪಿಸಿದವರ ಗುಂಪಿಗೆ ನಾವೇ ಹೋಗಿ ಸೇರಿದಂತಾಗುತ್ತದೆ.

ಪ್ರಯತ್ನಿಸಿ ನೋಡುವವರಿಗೆ ವಿಧಾನ ತೀರ ಸರಳ. ಒಂದೇ ವಿಷಯ, ಮೂರು ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ನಿಲ್ಲಿಸದೆ. ಏನಾಯಿತು, ಏನನಿಸಿತು ಎರಡೂ ಇರಲಿ. ಬರೆದು ಎದ್ದಾಗ ಮನಸ್ಸು ಭಾರವಾದರೆ ಗಾಬರಿ ಬೇಡ, ಸಾಮಾನ್ಯವಾಗಿ ಒಂದೆರಡು ತಾಸಿನಲ್ಲಿ ಇಳಿಯುತ್ತದೆ. ಮಲಗುವ ಮುಂಚೆ ಮಾತ್ರ ಬರೆಯದಿರುವುದು ಒಳ್ಳೆಯದು. ಜೀವಮಾನವೆಲ್ಲ ದಿನಚರಿ ಬರೆಯಬೇಕೆಂದು ಪೆನ್ನೆಬೇಕರ್ ಒತ್ತಾಯಿಸುವುದಿಲ್ಲ. ಬೇಕಾದಾಗ ಬರೆದು, ಸಾಕಾದಾಗ ಬಿಡಬಹುದು. ಅವರ ಇನ್ನೊಂದು ನಿಯಮ ಎಲ್ಲಕ್ಕಿಂತ ಮುಖ್ಯ: ಯಾವುದನ್ನು ಬರೆದರೆ ತಾಳಲಾರೆ ಅನಿಸುತ್ತದೋ ಅದನ್ನು ಬರೆಯಬೇಡಿ, ಬೇರೆ ಬರೆಯಿರಿ. ಹಸಿ ಆಘಾತಕ್ಕೆ ಇದು ಹೊತ್ತಲ್ಲ. ಸಾಯುವ ಯೋಚನೆ ಬರುತ್ತಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ ಪೆನ್ನು ಪಕ್ಕಕ್ಕಿಟ್ಟು ಫೋನ್ ಎತ್ತಿಕೊಳ್ಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದದ್ದು, ಬರೆದ ಹಾಳೆಗಳನ್ನು ಎಲ್ಲಿಡುವುದೆಂಬ ಪ್ರಶ್ನೆ. ತುಂಬಿದ ಮನೆಯಲ್ಲಿ ಇದೇ ದೊಡ್ಡ ಸಮಸ್ಯೆ, ಅದರಲ್ಲೂ ಹೆಂಗಸರಿಗೆ. ಬೀರುವಿನ ಬೀಗದ ಕೈ ಅತ್ತೆಯ ಹತ್ತಿರ, ಮೊಬೈಲಿನ ಪಾಸ್‌ವರ್ಡ್ ಮಕ್ಕಳಿಗೆ ಗೊತ್ತು. ಸಿಕ್ಕಿಬೀಳುವ ಭಯವಿದ್ದರೆ ಇಡುವ ಯೋಚನೆಯನ್ನೇ ಬಿಡಬಹುದು. ಹರಿದು ಹಾಕಿ, ನೀರೊಲೆಗೆ ಹಾಕಿ, ಗ್ಯಾಸ್ ಗೀಸರ್ ಬಂದ ಮನೆಯಾದರೆ ನೀರಲ್ಲಿ ನೆನೆಸಿ ಮುದ್ದೆ ಮಾಡಿ. ಬೇಕಾದದ್ದು ಬರೆದ ಆ 15 ನಿಮಿಷ ಮಾತ್ರ. ಇಡಲು ಧೈರ್ಯವಿರುವವರು ಇಟ್ಟುಕೊಳ್ಳಲಿ, ಒಂದಷ್ಟು ವರ್ಷವಾದ ಮೇಲೆ ತೆಗೆದು ನೋಡಲಿ. ಅದರಲ್ಲಿ ಕತೆಯಿದೆ ಅನಿಸಿದರೆ ಆಗ ಅದನ್ನು ಪಕ್ಕಕ್ಕಿಟ್ಟು, ಹೊಸ ಹಾಳೆಯಲ್ಲಿ, ಈ ಸಲ ಕಾಗುಣಿತ ನೋಡಿಕೊಂಡು ಬರೆದು ಪತ್ರಿಕೆಗೆ ಕಳಿಸಲಿ. ‘ಇದು ನನ್ನ ಜೀವನದ ಸತ್ಯ ಘಟನೆ’ ಎಂಬ ಒಕ್ಕಣೆ ಮಾತ್ರ ಬೇಡ. ಸಂಪಾದಕರು ಅದನ್ನು ನೋಡಿ ಹಾಕುವುದೂ ಇಲ್ಲ, ಬಿಡುವುದೂ ಇಲ್ಲ.